ಎಳೆಯುವ ಕೈ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುವುದು. ಅಲ್ಲಿ ಅವಳು ಯಾರ ಚಿಕ್ಕಮ್ಮನೂ ಅಲ್ಲ. ಆಳು ಕುಳ್ಳು, ಅಷ್ಟೇ. ಅವಳ ಎದುರು ನಿಂತು ಬೆಡ್‌ಶೀಟು ಮಡಿಸುವವಳು ಉದ್ದಕ್ಕ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಇವರಿಬ್ಬರನ್ನೂ ಜೋಡಿ ಮಾಡಿದ ಪುಣ್ಯಾತ್ಮ ಯಾರೋ ಏನೋ, ಅವನು ನಿವೃತ್ತನಾಗಿ ಹೋಗಿ ಎಷ್ಟೋ ಕಾಲವಾಯಿತು. ಜೋಡಿ ಮಾತ್ರ ಹತ್ತೊಂಬತ್ತು ವರ್ಷದಿಂದ ಹಾಗೇ ಇದೆ.

ಕೆಲಸ ಏನು ಮಹಾ ಎಂದು ಕೇಳುವವರಿದ್ದಾರೆ. ಅಂಥವರು ಒಂದು ದಿನ ಬಂದು ನಿಲ್ಲಲಿ. ಡ್ರೈಯರಿನಿಂದ ಬೆಡ್‌ಶೀಟುಗಳು ಸುಡುಸುಡುತ್ತಾ ಬಂದು ಬುಟ್ಟಿಗೆ ಬೀಳುತ್ತವೆ. ಇವಳ ಕೈಗೆ ಎರಡು ತುದಿ, ಅವಳ ಕೈಗೆ ಎರಡು ತುದಿ. ಉದ್ದಕ್ಕೆ ಮಡಿಸಬೇಕು, ಒಂದು ಸಲ ಜಾಡಿಸಬೇಕು, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು, ಕೆಳಗೆ ಜೋತುಬಿದ್ದ ಭಾಗವನ್ನು ಯಾರಾದರೊಬ್ಬರು ಬಗ್ಗಿ ಎತ್ತಿಕೊಳ್ಳಬೇಕು. ಬಗ್ಗುವ ಪಾಲು ಮೊದಲ ದಿನದಿಂದಲೂ ಚಿಕ್ಕಮ್ಮನದು. "ನೀನು ಹೇಗೂ ನೆಲಕ್ಕೆ ಹತ್ತಿರ ಇದ್ದೀಯಲ್ಲ" ಎಂದು ಉದ್ದಕ್ಕ ಅವತ್ತು ಹೇಳಿದ್ದು ತಮಾಷೆಗೆ. ಆಮೇಲೆ ಅದೇ ಪದ್ಧತಿಯಾಯಿತು. ದಿನಕ್ಕೆ ಆರುನೂರು ಬೆಡ್‌ಶೀಟು. ಲೆಕ್ಕ ಹಾಕುವುದು ಬೇಡ, ಬೆನ್ನಿಗೇ ಗೊತ್ತು.

ಈ ಕೆಲಸಕ್ಕೆ ಒಂದೇ ನಿಯಮ. ಬಟ್ಟೆ ಸಡಿಲ ಬಿಡಬಾರದು. ಸಡಿಲ ಬಿಟ್ಟರೆ ಸುಕ್ಕು ಬೀಳುತ್ತದೆ, ಸುಕ್ಕು ಬಿದ್ದರೆ ವಾರ್ಡಿನಿಂದ ಇಡೀ ಕಟ್ಟು ವಾಪಸ್ಸು ಬರುತ್ತದೆ, ಜೊತೆಗೆ ಹೆಡ್ ನರ್ಸಿನ ನಾಲ್ಕು ಮಾತು. ಹಾಗಾಗಿ ತುದಿ ಕೈಗೆ ಸಿಕ್ಕಿದ ತಕ್ಷಣ ಸೆಳೆದು ಬಿಗಿ ಮಾಡುವುದು ಚಿಕ್ಕಮ್ಮನ ಕೈಗೆ ಅಂಟಿಹೋಗಿತ್ತು. ಸೆಳೆಯಬೇಕು ಎಂದು ಅವಳು ಅಂದುಕೊಳ್ಳುವ ಮೊದಲೇ ಕೈ ಸೆಳೆದಿರುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಬೆನ್ನು ಹೇಗೋ ತಡೆದುಕೊಳ್ಳುತ್ತಿತ್ತೋ ಏನೋ. ಮನೆಯಲ್ಲಿ ಗಂಡನಿದ್ದ.

ಅವನು ಮನೆಗಳಿಗೆ ಬಣ್ಣ ಬಳಿಯುವ ಕೆಲಸದವನು. ಗೋಡೆಗೆ ಬಳಿಯುವ ಬಣ್ಣಕ್ಕಿಂತ ಇವನ ಮಾತೇ ಜಾಸ್ತಿ ಎಂದು ಕೆಲಸ ಕೊಟ್ಟವರೇ ನಗುತ್ತಿದ್ದರು. ಏಣಿಯ ಮೇಲೆ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಸ್ಟ್ರೋಕ್ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಹಾಲು ಉಕ್ಕಿ ಚೆಲ್ಲುವಷ್ಟು ಹೊತ್ತು. ಅಷ್ಟು ಹೊತ್ತು ಯಾರಿಗಿದೆ? "ನೀ..." ಎಂದು ಅವನು ಶುರು ಮಾಡಿದರೆ ಸಾಕು, "ನೀರು ತಾನೇ, ತರ್ತೀನಿ ಇರಿ" ಎಂದು ಚಿಕ್ಕಮ್ಮ ಅರ್ಧ ದಾರಿ ಹೋಗಿರುತ್ತಿದ್ದಳು. ಅರ್ಧಕ್ಕರ್ಧ ಸಲ ಅವನಿಗೆ ಬೇಕಿದ್ದದ್ದು ನೀರೇ. ಉಳಿದ ಸಲವೂ ಅವನು ನೀರು ಕುಡಿದು ಸುಮ್ಮನಾಗುತ್ತಿದ್ದ.

ದಿನಾ ಬೆಳಿಗ್ಗೆ ಐದಕ್ಕೆ ಅವನನ್ನು ಮಂಚದಿಂದ ಎಬ್ಬಿಸಿ ಕುರ್ಚಿಗೆ ಕೂರಿಸಬೇಕು. ಒರೆಸಿ, ಬಟ್ಟೆ ಬದಲಿಸಿ, ತಿನ್ನಿಸಿ, ಕಿಟಕಿಯ ಹತ್ತಿರ ಕುರ್ಚಿ ತಳ್ಳಿ, ಪಕ್ಕದ ಮನೆಯ ಟೈಲರಮ್ಮನಿಗೆ ಬೀಗದ ಕೈ ಕೊಟ್ಟು ಐದು ಐವತ್ತರ ಬಸ್ಸು ಹಿಡಿಯಬೇಕು. ಮಧ್ಯಾಹ್ನದ ಊಟ ಟೈಲರಮ್ಮ ಕೊಡುತ್ತಾಳೆ, ಅವಳ ಹೊಟ್ಟೆ ತಣ್ಣಗಿರಲಿ. ಆದರೆ ಎತ್ತುವುದು ಅವಳ ಕೈಲಾಗದು. ಎತ್ತುವುದು ಚಿಕ್ಕಮ್ಮನೇ. ಅವನ ಎರಡೂ ಕಂಕುಳಿಗೆ ಕೈ ಹಾಕಿ, ಹಲ್ಲು ಕಚ್ಚಿ, ಒಂದೇ ಸಲ ಸೆಳೆದು ಮೇಲಕ್ಕೆತ್ತಿ, ಅರೆಸುತ್ತು ತಿರುಗಿ ಕುರ್ಚಿಗೆ ಹಾಕುತ್ತಿದ್ದಳು. ಅವನು ಸಿಮೆಂಟಿನ ಮೂಟೆಯಷ್ಟು ಭಾರ. ಪ್ರತಿ ಸಲ ಎತ್ತಿದಾಗಲೂ ಬೆನ್ನಿನ ಕೆಳಗೆ ಚಳಕ್ ಎನ್ನುತ್ತಿತ್ತು. ಆ ಚಳಕು ಮೊದಲು ಬಸ್ಸು ಹತ್ತುವಷ್ಟರಲ್ಲಿ ಹೋಗುತ್ತಿತ್ತು, ಆಮೇಲೆ ಮಧ್ಯಾಹ್ನದವರೆಗೆ ನಿಂತಿತು, ಆಮೇಲೆ ಹೋಗುವುದನ್ನೇ ಮರೆಯಿತು.

ಒಂದು ದಿನ ಲಾಂಡ್ರಿಯಲ್ಲಿ ಬಗ್ಗಿದವಳು ಏಳಲಿಲ್ಲ. ಬಗ್ಗಿದ ಹಾಗೇ ನಿಂತುಬಿಟ್ಟಳು. ಉದ್ದಕ್ಕ ಮೊದಲು ನಕ್ಕಳು, ಆಮೇಲೆ ಮುಖ ನೋಡಿ ಬೆಡ್‌ಶೀಟು ಕೈಬಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳು ತುದಿ ಕೈಬಿಟ್ಟಿದ್ದು ಅದೇ ಮೊದಲು. ಗಾಲಿ ಮಂಚದ ಮೇಲೆ ಹಾಕಿಕೊಂಡು ಎರಡು ಮಹಡಿ ಮೇಲೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಂಚಕ್ಕೆ ಹಾಸಿದ್ದು ಇವಳೇ ಮಡಿಸಿದ ಬೆಡ್‌ಶೀಟು.

ಡಾಕ್ಟರು ಎಕ್ಸ್‌ರೇ ನೋಡಿ, "ಮನೇಲಿ ಭಾರ ಎತ್ತೋ ಕೆಲಸ ಏನಾದ್ರೂ ಇದೆಯಾ?" ಎಂದು ಕೇಳಿದರು.

"ಇದೆ. ನಮ್ಮನೆಯವರು."

"ಇನ್ನು ಎತ್ತಬೇಡಿ. ಎತ್ತಿದ್ರೆ ಅವರ ಪಕ್ಕದಲ್ಲಿ ನಿಮಗೂ ಒಂದು ಮಂಚ ಹಾಕಬೇಕಾಗುತ್ತೆ."

ಹೇಳುವುದು ಸುಲಭ. ಎತ್ತದಿದ್ದರೆ ಅವನು ಮಲಗಿದಲ್ಲೇ ಇರಬೇಕು. ಬೇರೆ ಬಡಾವಣೆಯಲ್ಲಿರುವ ಮಗಳಿಗೆ ವಿಷಯ ಗೊತ್ತಾಗಿದ್ದೇ ತಡ, ಅವಳು ಓಡಿಬಂದಳು. ಕೈಯಲ್ಲಿ ಒಂದು ಅರ್ಜಿ ಇತ್ತು. ಊರಾಚೆ ಇರುವ ಆರೈಕೆ ಕೇಂದ್ರದ್ದು. ಏಳಲಾಗದವರನ್ನು ನೋಡಿಕೊಳ್ಳುವ ಜಾಗ. ಚೆನ್ನಾಗಿದೆಯಂತೆ, ದೊಡ್ಡ ಕಿಟಕಿಗಳಂತೆ, ಒಂದು ಮಂಚ ಖಾಲಿ ಇದೆಯಂತೆ. ಆರು ವಾರ ಮಾತ್ರ ಕಾಯ್ದಿರಿಸುತ್ತಾರಂತೆ.

"ಅಮ್ಮಾ, ಅಪ್ಪನ್ನ ದೂರ ಮಾಡ್ತಿದ್ದೀನಿ ಅಂದ್ಕೋಬೇಡ. ನಿನ್ನ ಮುಖ ಕನ್ನಡೀಲಿ ನೋಡ್ಕೊಂಡು ಎಷ್ಟು ದಿನ ಆಯ್ತು ಹೇಳು" ಎಂದಳು ಮಗಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅಪ್ಪ, ನೀನೇನಂತೀಯ?" ಎಂದಳು.

ಅವನು, "ನಂಗೆ..." ಎಂದ.

"ಅವರಿಗೆ ಇಷ್ಟ ಇಲ್ಲ" ಎಂದಳು ಚಿಕ್ಕಮ್ಮ. "ಕೇಳೋದೇನು, ಮುಖದಲ್ಲೇ ಗೊತ್ತಾಗ್ತಿಲ್ವಾ? ಆರು ವಾರ ಇದೆಯಲ್ಲ. ಅಷ್ಟರಲ್ಲಿ ನನ್ನ ಬೆನ್ನು ಸರಿಹೋದ್ರೆ ಅವರು ಇಲ್ಲೇ. ಸರಿಹೋಗದಿದ್ರೆ ನೀನು ಹೇಳಿದ ಹಾಗೆ."

ಆ ಆರು ವಾರಕ್ಕೆ ಟೈಲರಮ್ಮನ ಗಂಡ ಬೆಳಿಗ್ಗೆಯೂ ರಾತ್ರಿಯೂ ಬಂದು ಎತ್ತಿಕೊಡಲು ಒಪ್ಪಿದ. ಪಾಪ, ಅವನೂ ಐವತ್ತು ದಾಟಿದವನು, ಎಷ್ಟು ದಿನ ಕೇಳುವುದು? ಹೀಗೆ ಗಂಡ ಮನೆಯಲ್ಲಿರುವುದೋ ಹೋಗುವುದೋ ಎನ್ನುವುದು ಚಿಕ್ಕಮ್ಮನ ಬೆನ್ನಿನ ಮೇಲೆ ಬಂದು ಕೂತಿತು. ಮೊದಲೇ ನೋಯುವ ಬೆನ್ನು.

ಮಾತ್ರೆಯ ಜೊತೆಗೆ ಡಾಕ್ಟರು ಚೀಟಿಯಲ್ಲಿ ಇನ್ನೊಂದು ಬರೆದಿದ್ದರು: ತೈ ಚಿ, ವಾರಕ್ಕೆ ಮೂರು ದಿನ, ಸಂಜೆ ನಾಲ್ಕಕ್ಕೆ, ಆಸ್ಪತ್ರೆಯ ಹಳೆಯ ಕ್ಯಾಂಟೀನಿನಲ್ಲಿ. ಉದ್ದಕ್ಕ ಚೀಟಿಯನ್ನು ತಿರುಗಿಸಿ ಮುರುಗಿಸಿ ಓದಿ, "ಈ ವಯಸ್ಸಲ್ಲಿ ತಕತೈ ಅಂತ ಕುಣೀತೀಯೇನೇ?" ಎಂದು ಕೇಳಿದಳು.

"ಕುಣಿಯೋಕೆ ಸೊಂಟ ಇದ್ರೆ ತಾನೇ" ಎಂದಳು ಚಿಕ್ಕಮ್ಮ.

ಈ ಚೀನೀ ವ್ಯಾಯಾಮ ಕಲಿಸುವವರು ಯಾರೋ ಬಿಳಿ ಗಡ್ಡದ ಗುರುಗಳಿರಬೇಕು ಎಂದುಕೊಂಡು ಹೋದರೆ, ಅಲ್ಲಿದ್ದದ್ದು ಹೊಟ್ಟೆ ಬಂದ ಒಬ್ಬ ನಿವೃತ್ತ ಬಸ್ ಡ್ರೈವರು. ಇಪ್ಪತ್ತೆಂಟು ವರ್ಷ ಸೀಟಿನಲ್ಲಿ ಕುಲುಕಿ ಕುಲುಕಿ ಬೆನ್ನು ಹಾಳಾಗಿ, ಇದನ್ನು ಕಲಿತು ಒಂದಿಷ್ಟು ಸುಧಾರಿಸಿಕೊಂಡವನಂತೆ. "ವಾಸಿಯಾಗುತ್ತೆ ಅಂತ ನಾನು ಹೇಳಲ್ಲ" ಎಂದು ಅವನು ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ. "ನನಗೇ ಪೂರ್ತಿ ವಾಸಿಯಾಗಿಲ್ಲ. ಆದ್ರೆ ನೋವಿನ ಜೊತೆ ಜಗಳ ಕಮ್ಮಿಯಾಗಿದೆ. ನೋವು ಜಾಸ್ತಿ ಆದ್ರೆ ನಿಲ್ಲಿಸಿ, ನನಗೆ ಹೇಳಿ. ಯಾರೂ ಇಲ್ಲಿ ವೀರರಾಗೋದು ಬೇಡ." ಚಿಕ್ಕಮ್ಮನಿಗೆ ಆ ಮಾತು ಹಿಡಿಸಿತು. ವೀರೆಯಾಗಲು ಅವಳಿಗೂ ಶಕ್ತಿ ಇರಲಿಲ್ಲ.

ಮೊದಲ ವಾರ ಬರೀ ನಿಲ್ಲುವುದು. ಕಾಲು ಭುಜದಷ್ಟು ಅಗಲ, ಮಂಡಿ ಸ್ವಲ್ಪ ಸಡಿಲ, ಬೆನ್ನು ನೆಟ್ಟಗೆ, ಆದರೆ ಸೆಟೆಯಬಾರದು. ಮೈಯ ಭಾರವನ್ನು ನಿಧಾನಕ್ಕೆ ಎಡಗಾಲಿಗೆ ಬಿಡಬೇಕು, ಆಮೇಲೆ ನಿಧಾನಕ್ಕೆ ಬಲಗಾಲಿಗೆ. ಇದಕ್ಕೆ ಒಬ್ಬ ಮಾಸ್ತರು ಬೇಕೇ ಎಂದು ಅವಳಿಗೆ ಸಿಟ್ಟೇ ಬಂತು. ದಿನವಿಡೀ ನಿಂತು ಬಂದವಳಿಗೆ ನಿಲ್ಲುವುದನ್ನು ಕಲಿಸುತ್ತಾನಂತೆ. ಮೂರನೇ ದಿನ ಕಣ್ಣು ಮುಚ್ಚಿಕೊಳ್ಳಿ ಎಂದಾಗ ನಿಂತಲ್ಲೇ ನಿದ್ದೆ ಬಂದುಬಿಟ್ಟಿತು. ತೂಕಡಿಸಿ ಪಕ್ಕದಲ್ಲಿ ನಿಂತಿದ್ದ ಆಸ್ಪತ್ರೆಯ ವಾಚ್‌ಮನ್ನನ ಮೇಲೆ ಬಿದ್ದಳು. ಬೇರೆಯವನಾಗಿದ್ದರೆ ಬೈಯುತ್ತಿದ್ದ. ಇವನದೂ ಅದೇ ಬೆನ್ನು ನೋವು, ಅದೇ ನಿದ್ದೆಗೆಟ್ಟ ಮುಖ. "ಪರವಾಗಿಲ್ಲ, ನಾನೂ ಬೀಳೋದ್ರಲ್ಲೇ ಇದ್ದೆ" ಎಂದ.

ಆಮೇಲೆ ಕೈಗಳು ಸೇರಿಕೊಂಡವು. ತೋಳು ತೇಲಿದ ಹಾಗೆ ಎತ್ತುವುದು, ಇಳಿಸುವುದು, ಸೊಂಟ ತಿರುಗಿದ ಕಡೆಗೆ ಕೈಯನ್ನು ಬಿಡುವುದು. ಎಲ್ಲವೂ ಎಷ್ಟು ನಿಧಾನವೆಂದರೆ, ಮಧ್ಯದಲ್ಲಿ ಯಾವ ಕೈ ಎಲ್ಲಿತ್ತು ಎಂದೇ ಮರೆತುಹೋಗುತ್ತಿತ್ತು. ಅವಳು ಎಲ್ಲವನ್ನೂ ಎಲ್ಲರಿಗಿಂತ ಮೊದಲು ಮುಗಿಸಿ ನಿಂತಿರುತ್ತಿದ್ದಳು. "ಚಿಕ್ಕಮ್ಮ, ನಿಮಗೆ ಯಾವ ಬಸ್ಸು ತಪ್ಪಿಹೋಗುತ್ತೆ?" ಎಂದು ಡ್ರೈವರು ಕೇಳುತ್ತಿದ್ದ.

ಮೂರನೇ ವಾರದ ಕೊನೆಗೆ ಒಂದು ಸಣ್ಣ ವ್ಯತ್ಯಾಸ ಕಂಡಿತು. ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದು ನರಳುವುದು ತಪ್ಪಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಸಾಧ್ಯವಾಗುತ್ತಿತ್ತು. ಉದ್ದಕ್ಕನಿಗೆ ಹೇಳಿ ಬಗ್ಗುವ ಕೆಲಸದಲ್ಲಿ ಪಾಲು ಮಾಡಿಕೊಂಡಿದ್ದೂ ಒಂದು ಕಾರಣವಿರಬೇಕು. ನೋವು ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಬಿಂದಿಗೆ ನೀರು ಎತ್ತಿ ನೋಡಿದಳು, ಚಳಕ್ ಎಂದಿತು. ಬಿಂದಿಗೆಗೇ ಹೀಗಾದರೆ ಗಂಡನನ್ನು ಎತ್ತುವ ಮಾತೆಲ್ಲಿ? ಅವತ್ತು ಅಡುಗೆಮನೆಯ ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ನೆಲ ಒದ್ದೆಯಾಗಿದ್ದು ನೆನಪಾಗಿ ಎದ್ದು ಒರೆಸಿದಳು.

ಐದನೇ ವಾರ ಡ್ರೈವರು ಜೋಡಿ ಅಭ್ಯಾಸ ಶುರು ಮಾಡಿಸಿದ. ಇಬ್ಬರು ಎದುರುಬದುರು ನಿಂತು ಕೈಗೆ ಕೈ ತಾಗಿಸಬೇಕು. ಒಬ್ಬರು ಮುಂದೆ ಬಂದರೆ ಇನ್ನೊಬ್ಬರು ಹಿಂದೆ ಸರಿಯಬೇಕು, ಅಷ್ಟೇ. ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ. ಎದುರುಬದುರು ನಿಲ್ಲುವುದಾ? ಅದರಲ್ಲಿ ತನ್ನನ್ನು ಮೀರಿಸುವವರು ಯಾರಿದ್ದಾರೆ ಎಂದುಕೊಂಡಳು ಚಿಕ್ಕಮ್ಮ. ಅವಳ ಪಾಲಿಗೆ ವಾಚ್‌ಮನ್ನು ಬಂದ. ಆ ಮನುಷ್ಯ ಕೈ ಚಾಚಿದ್ದೇ ತಡ, ಎರಡೂ ಮಣಿಕಟ್ಟು ಹಿಡಿದು ಒಂದೇ ಏಟಿಗೆ ಸೆಳೆದಳು. ಅವನು ಮುಗ್ಗರಿಸಿ ಅವಳನ್ನು ದಾಟಿ ಹೋಗಿ ಹಿಂದಿನ ಮೇಜಿಗೆ ಡಿಕ್ಕಿ ಹೊಡೆದ. ಟೋಪಿ ಒಂದು ಕಡೆ, ಅವನು ಒಂದು ಕಡೆ.

"ಅಮ್ಮಾ, ನಾನೇನು ಮಾಡಿದೆ ನಿಮಗೆ?" ಎಂದ ಅವನು, ಟೋಪಿ ಹುಡುಕುತ್ತಾ.

ಚಿಕ್ಕಮ್ಮನಿಗೆ ನಾಚಿಕೆಯಾಗಿ ಭೂಮಿಯೊಳಗೆ ಇಳಿದುಹೋದರೆ ಸಾಕು ಎನ್ನಿಸಿತು. "ತಪ್ಪಾಯ್ತಪ್ಪ, ಬೆಡ್‌ಶೀಟು ಅಂದ್ಕೊಂಡುಬಿಡ್ತು ಕೈ" ಎಂದಳು. ಎಲ್ಲರೂ ನಕ್ಕರು, ಬೆನ್ನು ಹಿಡಿದುಕೊಂಡೇ ನಕ್ಕರು. ಇನ್ನೊಂದು ಸಲ ಮಾಡಿ ಎಂದರೆ ಮತ್ತೆ ಅದೇ ಆಯಿತು. ಮೂರನೇ ಸಲ ವಾಚ್‌ಮನ್ನೇ ಒಂದು ಹೆಜ್ಜೆ ದೂರ ನಿಂತ.

ಡ್ರೈವರು ನಗದೆ ಅವಳನ್ನು ಪಕ್ಕಕ್ಕೆ ಕರೆದ. "ನೋಡಿ, ಬಸ್ಸಿಗೆ ವಯಸ್ಸಾದೋರು ಹತ್ತುವಾಗ ನಮ್ಮ ಕಂಡಕ್ಟರು ಕೈ ಹಿಡಿದು ಎಳೀತಿದ್ದ. ಒಳ್ಳೇದಕ್ಕೇ ಮಾಡ್ತಿದ್ದ, ಆದ್ರೆ ಹೊತ್ತಾಗುತ್ತೆ ಅನ್ನೋ ಅವಸರ. ಎಳೆದಾಗೆಲ್ಲ ಅವರು ಮುಗ್ಗರಿಸೋರು. ಕೈ ಕೊಟ್ಟು ಸುಮ್ನೆ ನಿಂತ್ಕೋಬೇಕು. ಅವರ ಭಾರ ಅವರ ಕಾಲಿಗೆ ಬರೋವರೆಗೆ ಕಾಯ್ಬೇಕು. ಬಂದ್ಮೇಲೆ ಅವರೇ ಹತ್ತುತಾರೆ."

"ಬರದೇ ಇದ್ರೆ?"

"ಬರುತ್ತೋ ಇಲ್ವೋ, ಕಾದವರಿಗೆ ತಾನೇ ಗೊತ್ತಾಗೋದು."

ಇದು ಬಸ್ಸಿನವರ ಮಾತು, ನನಗೇಕೆ ಎಂದು ಅವಳು ಅಲ್ಲಿಗೇ ಬಿಟ್ಟಳು. ಆರು ವಾರ ಮುಗಿಯುತ್ತಾ ಬಂತು. ಅರ್ಜಿ ತೆಗೆದುಕೊಂಡು ಭಾನುವಾರ ಬರುವುದಾಗಿ ಮಗಳು ಫೋನ್ ಮಾಡಿದಳು. ಚಿಕ್ಕಮ್ಮ ಗಂಡನ ಎರಡು ಜೊತೆ ಹೊಸ ಬಟ್ಟೆಯನ್ನು ಮಡಿಸಿ ಚೀಲದಲ್ಲಿಟ್ಟಳು. ಅವನು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ. "ನಾ..." ಎಂದ. "ಗೊತ್ತು, ಗೊತ್ತು" ಎಂದು ಅವಳು ಜಿಪ್ ಎಳೆದಳು. ಏನು ಗೊತ್ತಿತ್ತೋ, ಅವಳಿಗೇ ಗೊತ್ತು.

ಶನಿವಾರ ಬೆಳಿಗ್ಗೆ ಟೈಲರಮ್ಮನ ಗಂಡ ಬರಲಿಲ್ಲ. ಜ್ವರ ಎಂದು ಹೇಳಿಕಳಿಸಿದ. ಗಡಿಯಾರ ಐದೂಕಾಲು ದಾಟಿತ್ತು. ಚಿಕ್ಕಮ್ಮ ಗಂಡನನ್ನು ಮಂಚದ ಅಂಚಿಗೆ ಸರಿಸಿ, ಕಾಲು ನೆಲಕ್ಕೆ ಇಳಿಬಿಡಿಸಿ, ಎದುರಿಗೆ ನಿಂತಳು. ಅವನ ಮೊಣಕೈಗಳ ಕೆಳಗೆ ಕೈ ಕೊಟ್ಟಳು. ಇನ್ನೇನು ಸೆಳೆಯಬೇಕು. ಸೆಳೆಯಲಿಲ್ಲ.

ಬುದ್ಧಿ ಓಡಿಸಿ ಕಾದಳು ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಡೆದದ್ದು ಹಾಗಲ್ಲ. ಅವಳಿಗೆ ಸುಸ್ತಾಗಿತ್ತು. ಎಷ್ಟು ಸುಸ್ತೆಂದರೆ, ಸೆಳೆಯಲು ಬೇಕಾದ ಆ ಒಂದು ಉಸಿರೂ ಅವಳಲ್ಲಿ ಇರಲಿಲ್ಲ. ಬಸ್ಸು ಹೋದರೆ ಹೋಗಲಿ, ಕೆಲಸ ಹೋದರೆ ಹೋಗಲಿ, ನಾಳೆ ಇವರೂ ಹೋಗುತ್ತಾರೆ, ಆಮೇಲೆ ನನಗೇನು ಎಂದುಕೊಂಡು ಕೈ ಕೊಟ್ಟ ಹಾಗೇ ಕಣ್ಣು ಮುಚ್ಚಿದಳು. ಮಂಡಿ ತಾನಾಗಿ ಸಡಿಲವಾಯಿತು. ಭಾರ ಎರಡೂ ಕಾಲಿಗೆ ಇಳಿಯಿತು. ಐದು ವಾರದಿಂದ ಕ್ಯಾಂಟೀನಿನಲ್ಲಿ ನಿಂತ ಹಾಗೇ ನಿಂತಳು.

"ಏನು..." ಎಂದ ಅವನು. ಅವಳು ಕಣ್ಣು ತೆರೆಯಲಿಲ್ಲ. "ಏನು... ಎತ್ತಲ್ವಾ?"

"ಸ್ವಲ್ಪ ತಾಳಿ. ಆಗ್ತಿಲ್ಲ."

ಎಷ್ಟು ಹೊತ್ತಾಯಿತೋ. ಮೊದಲು ಅವಳ ಅಂಗೈಗೆ ಗೊತ್ತಾಯಿತು. ಅವನ ಎಡಗೈ ಅವಳ ತೋಳನ್ನು ಹಿಡಿದುಕೊಂಡಿತು. ಆಮೇಲೆ ಅವನ ತಲೆ ಮುಂದಕ್ಕೆ ಬಾಗಿತು. ಎದೆ ಬಂತು. ಕೈ ತನ್ನ ಅಭ್ಯಾಸದಂತೆ ಸೆಳೆಯಲು ಹೊರಟಿತು, ಅದನ್ನು ಅವಳು ಹೇಗೋ ತಡೆದಳು. ಅವನ ಎಡಗಾಲು ನೆಲವನ್ನು ಒತ್ತುತ್ತಿತ್ತು. ಅಷ್ಟೇ ಅಲ್ಲ, ಬಲಗಾಲೂ ನಡುಗುತ್ತಾ ಒತ್ತುತ್ತಿತ್ತು. ಮಂಚ ಕಿರುಗುಟ್ಟಿತು. ಅವನ ಮುಖ ಅವಳ ಮುಖದ ಎತ್ತರಕ್ಕೆ ಬಂತು, ದಾಟಿ ಮೇಲೆ ಹೋಯಿತು. ಗಂಡ ತನಗಿಂತ ಒಂದು ಗೇಣು ಎತ್ತರ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಅವಳ ಬೆನ್ನು ಚಳಕ್ ಎನ್ನಲಿಲ್ಲ. ಅವನ ಭಾರ ಅದರ ಮೇಲೆ ಬಂದೇ ಇರಲಿಲ್ಲ.

ನಿಧಾನಕ್ಕೆ ಅರೆಸುತ್ತು ತಿರುಗಿದರು, ಒಂದೊಂದೇ ಹೆಜ್ಜೆ. ಅವನು ಕುರ್ಚಿಯಲ್ಲಿ ಕೂತ. ಇಬ್ಬರೂ ಏದುಸಿರು ಬಿಡುತ್ತಿದ್ದರು. ಐದು ಐವತ್ತರ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದು ಹೋಯಿತು.

"ಈ ಕಾಲು ಯಾವಾಗಿಂದ ಹೀಗಿದೆ?" ಎಂದು ಕೇಳಿದಳು. ಕೇಳುವಾಗ ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಬಂದದ್ದು ಸಿಟ್ಟು, ಕಣ್ಣಲ್ಲಿ ನೀರು ತರಿಸುವ ಸಿಟ್ಟು.

"ಮೊದಲ... ವರ್ಷದಿಂದ."

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ? ದಿನಾ ನನ್ನ ಸೊಂಟ ಮುರೀತಿತ್ತಲ್ಲ, ನೋಡ್ತಾ ಕೂತಿದ್ರಾ?"

ಅವನು ಬಾಯಿ ತೆರೆದ. ಪದ ಬರಲಿಲ್ಲ. ಅವಳ ನಾಲಗೆಯ ತುದಿಗೆ ಅವನ ಪರವಾಗಿ ನಾಲ್ಕು ಉತ್ತರ ಸಾಲುಗಟ್ಟಿ ಬಂದವು. ತುಟಿ ಕಚ್ಚಿ ಹಿಡಿದಳು. ಅವನು ಉಗುಳು ನುಂಗಿದ.

"ಆಸ್ಪತ್ರೆಯಿಂದ... ಬಂದ ದಿನ... ನೀನೇ ಹೇಳಿದ್ದೆ. ಅಲ್ಲಾಡಬೇಡಿ... ಇಬ್ರೂ ಬೀಳ್ತೀವಿ... ಅಂತ."

ಹೇಳಿದ್ದಳು. ಈಗ ನೆನಪಾಯಿತು. ಅವತ್ತು ಅವನು ಏಳಲು ಹೋಗಿ ಜೋಲಿ ತಪ್ಪಿದಾಗ, ಹೆದರಿ, ಗದರಿ ಹೇಳಿದ ಮಾತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳ ಒಂದು ಮಾತನ್ನೂ ಕೇಳದ ಮನುಷ್ಯ, ಆ ಒಂದು ಮಾತನ್ನು ಕೇಳಿದ್ದ. ದಿನಾ ಬೆಳಿಗ್ಗೆ, ಅವಳಿಗೆ ಸಹಾಯವಾಗಲಿ ಎಂದು, ಮೈಯನ್ನೆಲ್ಲ ಸಡಿಲ ಬಿಟ್ಟು ಸಿಮೆಂಟಿನ ಮೂಟೆಯಾಗಿ ಕೂರುತ್ತಿದ್ದ.

ಚಿಕ್ಕಮ್ಮ ಮಂಚದ ಮೇಲೆ, ಅವನು ಎದ್ದ ಜಾಗದಲ್ಲಿ, ಕೂತುಬಿಟ್ಟಳು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವತ್ತು ಒಂದೂವರೆ ಗಂಟೆ ತಡವಾಗಿ ಲಾಂಡ್ರಿಗೆ ಹೋದಳು. ಯಾಕೆ ಎಂದು ಮೇಲ್ವಿಚಾರಕ ಕೇಳಿದಾಗ, "ನಮ್ಮನೆಯವರು ಎದ್ದು ನಿಂತ್ರು" ಎಂದಷ್ಟೇ ಹೇಳಿದಳು. ಅವನು ಏನೂ ಬರೆದುಕೊಳ್ಳದೆ ಆಚೆ ಹೋದ.

ಭಾನುವಾರ ಮಗಳು ಬಂದಳು. ಚಿಕ್ಕಮ್ಮ ನಡೆದದ್ದನ್ನೆಲ್ಲ ಹೇಳಿದಳು. ಮಗಳು ನಂಬಲಿಲ್ಲ ಎನ್ನುವಂತಿಲ್ಲ, ಪೂರ್ತಿ ನಂಬಿದಳು ಎನ್ನುವಂತೆಯೂ ಇಲ್ಲ. "ಒಂದು ದಿನ ನಿಂತ್ರು ಅಂತ ಹೇಗಮ್ಮ ನಂಬೋದು? ನಾಳೆ ಬಿದ್ರೆ? ನಿನ್ನ ಬೆನ್ನೂ ಇನ್ನೂ ನೋಯ್ತಾನೇ ಇದೆ ತಾನೇ?"

"ನೋಯ್ತಿದೆ" ಎಂದಳು ಚಿಕ್ಕಮ್ಮ. "ನಾನೇನೂ ಹೇಳಲ್ಲ. ಅವರನ್ನೇ ಕೇಳು. ಕೇಳಿ, ಸುಮ್ನೆ ಕೂತ್ಕೊ."

ಮಗಳು ಅಪ್ಪನ ಕುರ್ಚಿಯ ಹತ್ತಿರ ಸ್ಟೂಲು ಎಳೆದುಕೊಂಡಳು. "ಅಪ್ಪ, ಹೋಗ್ತೀಯಾ, ಇರ್ತೀಯಾ?"

"ನಂಗೆ..." ಎಂದ ಅವನು.

ಚಿಕ್ಕಮ್ಮ ಎರಡೂ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದು ಕಿಟಕಿಯ ಕಡೆ ನೋಡಿದಳು. ಎದುರಿನ ಮನೆಯ ಹೆಂಗಸು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಒಂದು ಟವೆಲು ಹರವಿದಳು, ಇನ್ನೊಂದು ಹರವಿದಳು. ಮಗಳು ಒಮ್ಮೆ ಅಮ್ಮನ ಮುಖ ನೋಡಿ ಮತ್ತೆ ಅಪ್ಪನ ಮುಖ ನೋಡಿದಳು.

"ನಂಗೆ... ಹೋಗ್ಬೇಕು... ಅಂತಲೇ ಇತ್ತು" ಎಂದ ಅವನು. "ಆವತ್ತೂ... ಅದೇ... ಹೇಳೋನಿದ್ದೆ. ನಿಮ್ಮಮ್ಮ... ತುಂಬ... ದಣಿದಿದಾಳೆ."

ಚಿಕ್ಕಮ್ಮ ತಿರುಗಿ ನೋಡಿದಳು, ಆದರೂ ಮಧ್ಯೆ ಬಾಯಿ ಹಾಕಲಿಲ್ಲ. ಅವನ ಮಾತು ಇನ್ನೂ ಮುಗಿದಿರಲಿಲ್ಲ. ಅವನು ಉಸಿರು ತೆಗೆದುಕೊಂಡ, ತುಟಿ ಒದ್ದೆ ಮಾಡಿಕೊಂಡ, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಈಗ... ಬೇಡ" ಎಂದ. "ಈಗ... ಅರ್ಧ ಭಾರ... ನಾನು ಹೊರ್ತೀನಿ."